ರುವಾಂಡಾದ ನಂತರ ಸೇವೆ ಕಲಿತ ಪಾಠ

1994ರ ಏಪ್ರಿಲ್‌ನಿಂದ ಜುಲೈ ತನಕ, ಸುಮಾರು ನೂರು ದಿನಗಳಲ್ಲಿ, ರುವಾಂಡಾದಲ್ಲಿ 8 ಲಕ್ಷದಷ್ಟು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಟುಟ್ಸಿ ಪಂಗಡದವರು. ಕೊಲ್ಲಲು ಒಪ್ಪದೆ ತಾವೇ ಬಲಿಯಾದ ಹುಟು ಪಂಗಡದವರೂ ಇದ್ದರು. ನ್ಯಾಮಾಟ, ನ್ಟರಾಮ, ನ್ಯಾರುಬುಯೆ ಮೊದಲಾದ ಊರುಗಳಲ್ಲಿ ಜನ ಆಶ್ರಯ ಬೇಡಿ ಚರ್ಚಿನೊಳಗೆ ಸೇರಿದರು, ಅಲ್ಲೇ ಹತರಾದರು. ಆಗ ಆ ದೇಶದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಯಾವುದಾದರೊಂದು ಕ್ರೈಸ್ತ ಸಭೆಗೆ ಸೇರಿದವರು, ಅರ್ಧಕ್ಕಿಂತ ಹೆಚ್ಚು ಜನ ಕಥೋಲಿಕರು. ಶಾಲೆ, ಆರೋಗ್ಯ ಕೇಂದ್ರ, ಸಹಕಾರ ಸಂಘಗಳ ವಿಷಯಕ್ಕೆ ಬಂದರೆ ಸರ್ಕಾರವನ್ನು ಬಿಟ್ಟರೆ ಚರ್ಚೇ ದೊಡ್ಡದಾಗಿತ್ತು. ಕೊಂದವರಲ್ಲೂ ಸತ್ತವರಲ್ಲೂ ಒಂದೇ ಶಾಲೆಯ ಬೆಂಚುಗಳ ಮೇಲೆ ಜೊತೆಯಾಗಿ ಕೂತು ಕಲಿತವರಿದ್ದರು. ಕ್ರೈಸ್ತ ಸೇವಾ ಸಂಸ್ಥೆಗಳು ತಮ್ಮ ಕಾರ್ಯಕರ್ತರಿಗೆ ಶಾಂತಿ ನಿರ್ಮಾಣವನ್ನು ಒಂದು ವಿದ್ಯೆಯಾಗಿ ಕಲಿಸಲು ದೊಡ್ಡ ಪ್ರಮಾಣದಲ್ಲಿ ಹೊರಟದ್ದು ಇದಾದ ಮೇಲೆ. ಆ ಕಲಿಕೆಯ ಚರಿತ್ರೆಯನ್ನು ಸದ್ಭಾವನೆಯ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದು ಒಂದು ಸೋಲಿನ ಚರಿತ್ರೆಯಾಗಿ ಕಾಣುತ್ತದೆ. ಒಳ್ಳೆಯ ಕೆಲಸ ಮಾಡುತ್ತಾ ಹೋದರೆ ಶಾಂತಿ ತಾನಾಗಿ ಬರುತ್ತದೆ ಎಂಬ ನಂಬಿಕೆ ಕುಸಿದುಬಿದ್ದಾಗ ಈ ಪಾಠ ಹುಟ್ಟಿತು. ಆ ಕುಸಿತವನ್ನು ನೆನಪಿಟ್ಟುಕೊಂಡ ಕಡೆ ಅದು ಸೇವೆಯ ರೀತಿಯನ್ನೇ ಬದಲಿಸಿತು, ಮರೆತ ಕಡೆ ಮೂರು ದಿನದ ಕಾರ್ಯಾಗಾರವಾಗಿ ಉಳಿಯಿತು.

ಆ ನಂಬಿಕೆಯನ್ನು ಬರೀ ಭೋಳೇತನವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಗಟ್ಟಿಯಾದ ಚಿಂತನೆಯಿತ್ತು. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಮರುವರ್ಷ, 1963ರಲ್ಲಿ, ಪೋಪ್ ಇಪ್ಪತ್ತಮೂರನೆಯ ಜಾನ್ ಹೊರಡಿಸಿದ ‘ಪಾಚೆಮ್ ಇನ್ ತೆರ್ರಿಸ್’ ಎಂಬ ಪರಿಪತ್ರ ಶಾಂತಿಗೆ ಮಾನವ ಹಕ್ಕುಗಳೇ ತಳಹದಿ ಎಂದು ಸಾರಿತು. ನಾಲ್ಕು ವರ್ಷಗಳ ನಂತರ ಆರನೆಯ ಪಾಲ್ ತಮ್ಮ ‘ಪೊಪುಲೊರುಮ್ ಪ್ರೊಗ್ರೆಸ್ಸಿಯೊ’ದಲ್ಲಿ ಇನ್ನೂ ಮುಂದೆ ಹೋಗಿ, ಅಭಿವೃದ್ಧಿಯನ್ನೇ ಶಾಂತಿಯ ಹೊಸ ಹೆಸರಾಗಿ ಕಂಡರು. ಅವರ ಮನಸ್ಸಿನಲ್ಲಿದ್ದದ್ದು ಮನುಷ್ಯನ ಒಟ್ಟು ಏಳಿಗೆ, ಅದರಲ್ಲಿ ನ್ಯಾಯವೂ ಸೇರಿತ್ತು. ಆದರೆ ಆಫ್ರಿಕ, ಏಷ್ಯಾದ ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳ ಕೈಗೆ ಬರುವ ಹೊತ್ತಿಗೆ ಆ ಮಾತು ಸಣ್ಣದಾಯಿತು. ಬಾವಿ ತೋಡಿಸಿದರೆ, ಬಿತ್ತನೆ ಬೀಜ ಕೊಟ್ಟರೆ, ತಾಯಂದಿರಿಗೆ ಪೌಷ್ಟಿಕ ಆಹಾರ ಹಂಚಿದರೆ ಶಾಂತಿಯ ಕೆಲಸವೂ ಅದರಲ್ಲೇ ಆಯಿತು ಎಂದುಕೊಂಡರು. ಈ ಲೆಕ್ಕಕ್ಕೆ 1980ರ ದಶಕದ ರುವಾಂಡಾ ಮಾದರಿ ದೇಶವಾಗಿತ್ತು. ರಸ್ತೆಗಳು ಚೆನ್ನಾಗಿದ್ದವು, ಗುಡ್ಡಗಳ ಮೇಲೆ ಗಿಡ ನೆಡಲಾಗಿತ್ತು, ಹಣಕಾಸು ಶಿಸ್ತಿನಲ್ಲಿತ್ತು, ಹಳ್ಳಿಹಳ್ಳಿಯಲ್ಲೂ ಯಾವುದಾದರೊಂದು ಸಂಸ್ಥೆಯ ಫಲಕ ಕಾಣುತ್ತಿತ್ತು. ದಾನಿಗಳು ಮೆಚ್ಚಿ ಹಣ ಕೊಡುತ್ತಿದ್ದರು. ಈ ಬಗ್ಗೆ ಪೀಟರ್ ಊವಿನ್ 1998ರಲ್ಲಿ ಒಂದು ಪುಸ್ತಕ ಬರೆದರು. ಅಭಿವೃದ್ಧಿಯ ಅಂಕಿ-ಅಂಶಗಳು ಮೇಲೇರುತ್ತಿದ್ದಾಗಲೇ ಜನರನ್ನು ಹೊರಗಿಡುವ, ಅವಮಾನಿಸುವ ವ್ಯವಸ್ಥೆಯೂ ಬಲವಾಗುತ್ತಿತ್ತು, ನೆರವಿನ ಹಣ ಅದಕ್ಕೂ ನೀರೆರೆಯಿತು ಎಂಬುದು ಅವರ ವಾದ. ಅದನ್ನು ಅಲ್ಲಗಳೆಯುವುದು ಕಷ್ಟ.

ಹೇಗೆ ನೀರೆರೆಯಿತು ಎಂಬುದು ವಿವರಗಳಲ್ಲಿ ಸಿಗುತ್ತದೆ. 1930ರ ದಶಕದಲ್ಲಿ ಅಲ್ಲಿ ಆಳುತ್ತಿದ್ದ ಬೆಲ್ಜಿಯನ್ನರು ಪ್ರತಿಯೊಬ್ಬರಿಗೂ ಕೊಟ್ಟ ಗುರುತು ಚೀಟಿಯಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಬರೆದಿರುತ್ತಿತ್ತು. ಸ್ವಾತಂತ್ರ್ಯದ ನಂತರವೂ ಆ ಚೀಟಿ ಉಳಿಯಿತು. ತರಗತಿಯಲ್ಲಿ ಮಕ್ಕಳನ್ನು ಪಂಗಡದ ಪ್ರಕಾರ ಎದ್ದು ನಿಲ್ಲಿಸುವ ರೂಢಿಯಿತ್ತು. ಪ್ರೌಢಶಾಲೆಯ ಸೀಟುಗಳೂ ಪಂಗಡದ ಲೆಕ್ಕದಲ್ಲೇ ಹಂಚಿಕೆಯಾಗುತ್ತಿದ್ದವು. ಇವುಗಳಲ್ಲಿ ಎಷ್ಟೋ ಶಾಲೆಗಳನ್ನು ನಡೆಸುತ್ತಿದ್ದದ್ದು ಚರ್ಚು. ರಾಜಧಾನಿ ಕಿಗಾಲಿಯ ಮಹಾಧರ್ಮಾಧ್ಯಕ್ಷರು ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲಿ ಹಲವು ವರ್ಷ ಸದಸ್ಯರಾಗಿದ್ದರು. ಇಂಥ ಕಡೆ ಕೆಲಸ ಮಾಡುವ ಸಮಾಜ ಸೇವಕ ಎಷ್ಟೇ ಕರುಣಾಳುವಾಗಿದ್ದರೂ ಅವನ ರಿಜಿಸ್ಟರು, ಅವನ ಫಲಾನುಭವಿಗಳ ಪಟ್ಟಿ, ಅವನು ಮಾತಾಡಿಸುವ ಊರ ಮುಖಂಡ ಎಲ್ಲವೂ ಆ ವ್ಯವಸ್ಥೆಯ ಭಾಗಗಳೇ. ಹತ್ಯಾಕಾಂಡದ ನಂತರವೂ ಇದು ಮುಂದುವರಿಯಿತು. ಗಡಿಯಾಚೆ ಆಗಿನ ಜಯೀರಿನ ಗೋಮಾ ಪಟ್ಟಣದ ಸುತ್ತ ಎದ್ದ ನಿರಾಶ್ರಿತರ ಶಿಬಿರಗಳಲ್ಲಿ ಊಟದ ಹಂಚಿಕೆ ಹಿಂದಿನ ಊರ ಮುಖ್ಯಸ್ಥರ ಮೂಲಕವೇ ನಡೆಯುತ್ತಿತ್ತು. ಅವರಲ್ಲಿ ಅನೇಕರು ಕೊಲೆಗಳಿಗೆ ಮುಂದಾಳುಗಳಾಗಿದ್ದವರು. ಹಸಿದವರಿಗೆ ಕೊಟ್ಟ ಅಕ್ಕಿ-ಹಿಟ್ಟು ಕೊಂದವರ ಅಧಿಕಾರವನ್ನು ಉಳಿಸುತ್ತಿದೆ ಎಂದು ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಫ್ರೆಂಚ್ ಶಾಖೆ 1994ರ ನವೆಂಬರ್‌ನಲ್ಲಿ ಅಲ್ಲಿಂದ ಹೊರಟುಹೋಯಿತು. ಉಳಿದ ಸಂಸ್ಥೆಗಳು, ಹಸಿದ ಮಗುವಿಗೆ ಊಟ ನಿಲ್ಲಿಸುವುದು ಹೇಗೆ ಎಂದು ಅಲ್ಲೇ ನಿಂತವು. ಎರಡು ನಿರ್ಧಾರಗಳಿಗೂ ಕಾರಣವಿತ್ತು. ಇಂಥ ಪ್ರಶ್ನೆ ಎದುರಾಗುತ್ತದೆ ಎಂದು ಯಾರೂ ತಮ್ಮ ಕಾರ್ಯಕರ್ತರಿಗೆ ಮೊದಲೇ ಹೇಳಿಕೊಟ್ಟಿರಲಿಲ್ಲ ಎಂಬುದೇ ನಿಜವಾದ ಕೊರತೆ.

ಕಲಿಸಬಲ್ಲವರು ಆ ಹೊತ್ತಿಗೆ ಬೇರೆ ಕಡೆ ತಯಾರಾಗಿದ್ದರು. ಅವರು ಮೆನೊನೈಟರು, ಹದಿನಾರನೆಯ ಶತಮಾನದಿಂದಲೂ ಆಯುಧ ಹಿಡಿಯುವುದಿಲ್ಲವೆಂದು ಹಟ ಹಿಡಿದು ಬಂದ ಸಣ್ಣ ಕ್ರೈಸ್ತ ಪಂಥದವರು. ಅವರ ಸೇವಾ ಸಂಸ್ಥೆ ಮೆನೊನೈಟ್ ಸೆಂಟ್ರಲ್ ಕಮಿಟಿ 1920ರಲ್ಲಿ ರಷ್ಯಾ, ಉಕ್ರೇನ್‌ಗಳ ಕ್ಷಾಮ ಪರಿಹಾರಕ್ಕಾಗಿ ಹುಟ್ಟಿತು. ಬಂಗಾಳದ ಬರಗಾಲದ ಕಾಲದಲ್ಲಿ ಭಾರತಕ್ಕೂ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಲು ಒಪ್ಪದ ಸುಮಾರು 12 ಸಾವಿರ ಅಮೆರಿಕನ್ ಯುವಕರು ಕಾಡು, ಹೊಲ, ಮಾನಸಿಕ ಆಸ್ಪತ್ರೆಗಳಲ್ಲಿ ನಾಗರಿಕ ಸೇವೆ ಮಾಡಿದರು. ಅವರಲ್ಲಿ ದೊಡ್ಡ ಪಾಲು ಮೆನೊನೈಟರದ್ದು. ಬಹುಕಾಲ ಇವರ ಶಾಂತಿ ಎಂದರೆ ಹಿಂಸೆಯಿಂದ ದೂರ ನಿಲ್ಲುವುದು. 1979ರಲ್ಲಿ ಅವರು ಮಧ್ಯಸ್ಥಿಕೆಗೆಂದೇ ಒಂದು ವಿಭಾಗ ತೆರೆದಾಗ, ದೂರ ನಿಂತವರು ಜಗಳದ ನಡುವೆ ಬಂದರು. ಮಹತ್ವದ ಪಾಠ ಮಾತ್ರ ಅಮೆರಿಕದಲ್ಲಲ್ಲ, ನಿಕರಾಗುವಾದಲ್ಲಿ ಸಿಕ್ಕಿತು. 1972ರ ಡಿಸೆಂಬರ್‌ನ ಭೂಕಂಪದಲ್ಲಿ ಮನಾಗುವಾ ನಗರ ನೆಲಸಮವಾದಾಗ ಬ್ಯಾಪ್ಟಿಸ್ಟ್ ವೈದ್ಯ ಗುಸ್ತಾವೊ ಪರಾಹೋನ್ ಮುಂದಾಗಿ ಪ್ರಾಟೆಸ್ಟಂಟ್ ಸಭೆಗಳನ್ನು ಸೇರಿಸಿ ‘ಸೆಪಾಡ್’ ಎಂಬ ಪರಿಹಾರ ಸಂಸ್ಥೆ ಕಟ್ಟಿದರು. ಹದಿನೈದು ವರ್ಷಗಳ ನಂತರ ಅಂತರ್ಯುದ್ಧದ ನಡುವೆ ಅದೇ ವೈದ್ಯರು ರಾಷ್ಟ್ರೀಯ ಸಂಧಾನ ಆಯೋಗದ ಸದಸ್ಯರಾದರು. ಸೆಪಾಡ್‌ನ ಪಾದ್ರಿಗಳು, ಆರೋಗ್ಯ ಕಾರ್ಯಕರ್ತರು ಹಳ್ಳಿಗಳಲ್ಲಿ ಶಾಂತಿ ಸಮಿತಿಗಳಲ್ಲಿ ಕೂತರು. ಪೂರ್ವ ಕರಾವಳಿಯ ಆದಿವಾಸಿ ಬಂಡಾಯಗಾರರಿಗೂ ಸಾಂಡಿನಿಸ್ಟಾ ಸರ್ಕಾರಕ್ಕೂ ನಡುವೆ ಮೊರೇವಿಯನ್ ಸಭೆಯ ಹಿರಿಯರು ಮಾತುಕತೆ ನಡೆಸಿದರು. ಲಸಿಕೆ ಹಾಕಲು, ಅಕ್ಕಿ ಹಂಚಲು ಊರೂರು ಅಲೆದವರನ್ನು ಎರಡು ಕಡೆಯವರೂ ಬಲ್ಲರು. ಆ ಪರಿಚಯವೇ ಅವರ ಬಂಡವಾಳವಾಯಿತು.

ಅಲ್ಲಿ ಸಲಹೆಗಾರರಾಗಿ ದುಡಿದವರಲ್ಲಿ ಜಾನ್ ಪಾಲ್ ಲೆಡರಾಕ್ ಒಬ್ಬರು. ಶಾಂತಿ ಕಲಿಸುವ ವಿಧಾನವನ್ನು ಇವರಷ್ಟು ಬದಲಿಸಿದವರು ಇನ್ನೊಬ್ಬರಿಲ್ಲ. ಅಮೆರಿಕದ ಮಧ್ಯಸ್ಥಿಕೆ ಶಾಸ್ತ್ರದ ಪ್ರಕಾರ ನಡುವೆ ಕೂರುವವನು ಯಾರಿಗೂ ಸೇರದ ಹೊರಗಿನವನಾಗಿರಬೇಕು, ಇಬ್ಬರನ್ನೂ ಎದುರುಬದುರು ಕೂರಿಸಿ ನೇರವಾಗಿ ಮಾತಾಡಿಸಬೇಕು. ಮಧ್ಯ ಅಮೆರಿಕದ ಹಳ್ಳಿಗರು ಹಾಗೆ ಮಾಡುವವರಲ್ಲ. ಅವರು ತಮ್ಮವನೇ ಆದ, ನಂಬಿಕೆಗೆ ಅರ್ಹನಾದ ಹಿರಿಯನ ಹತ್ತಿರ ಹೋಗುತ್ತಾರೆ, ಸುತ್ತಿ ಬಳಸಿ ಮಾತಾಡುತ್ತಾರೆ. ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಲೆಡರಾಕ್ ಇದರಿಂದ ತೆಗೆದ ತೀರ್ಮಾನ ಸರಳ: ಕಲಿಸುವವನು ಸಿದ್ಧ ಸೂತ್ರಗಳನ್ನು ತಂದು ಸುರಿಯಬಾರದು. ಕಲಿಯಲು ಬಂದವರು ಜಗಳ ಬಿಡಿಸಲು ತಮ್ಮೂರಿನಲ್ಲಿ ಏನು ಮಾಡುತ್ತಾರೆ, ಯಾರನ್ನು ಕರೆಯುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬುದನ್ನು ಅವರಿಂದಲೇ ಹೊರಡಿಸಬೇಕು. 1995ರ ಅವರ ಪುಸ್ತಕದ ಮುಖ್ಯ ವಿಷಯ ಇದು. 1997ರ ಇನ್ನೊಂದು ಪುಸ್ತಕದಲ್ಲಿ ಸಮಾಜವನ್ನು ಅವರು ಮೂರು ಹಂತವಾಗಿ ನೋಡಿದರು. ಮೇಲೆ ನಾಯಕರು, ಸೇನಾಪತಿಗಳು. ಕೆಳಗೆ ಹಳ್ಳಿ, ಕೇರಿ, ಶಿಬಿರಗಳ ಜನ. ನಡುವೆ ಎರಡೂ ಕಡೆಗೆ ಮಾತು ದಾಟಿಸಬಲ್ಲವರು. ಸೇವಾ ಸಂಸ್ಥೆಯ ಮುಖ್ಯಸ್ಥೆ, ಆಸ್ಪತ್ರೆ ನಡೆಸುವ ಧರ್ಮಭಗಿನಿ, ಶಾಲೆಯ ಮುಖ್ಯೋಪಾಧ್ಯಾಯ ಇವರೆಲ್ಲ ಈ ನಡುವಿನವರು. ಬೈಬಲ್ಲಿನ 85ನೆಯ ಕೀರ್ತನೆಯಲ್ಲಿ ಬರುವ ಸತ್ಯ, ಕರುಣೆ, ನ್ಯಾಯ, ಶಾಂತಿ ಎಂಬ ನಾಲ್ಕನ್ನು ನಾಲ್ಕು ಪಾತ್ರಗಳಾಗಿ ಮಾಡಿ, ಪ್ರತಿಯೊಂದರ ಪರವಾಗಿ ಶಿಬಿರಾರ್ಥಿಗಳನ್ನು ವಾದಕ್ಕಿಳಿಸುವ ಅವರ ಪಾಠ ಎಷ್ಟೋ ದೇಶಗಳ ತರಬೇತಿಗಳಲ್ಲಿ ನಡೆದಿದೆ. 1994ರಲ್ಲಿ ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನ ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಆರಂಭವಾಯಿತು. ಇಥಿಯೋಪಿಯಾ ಮೂಲದ ಹಿಜ್ಕಿಯಾಸ್ ಅಸೆಫಾ ಅವರಂಥ ಅನುಭವಿ ಮಧ್ಯಸ್ಥರು ಅಲ್ಲಿ ಪಾಠ ಹೇಳಿದರು. ಬೇಸಿಗೆಯ ಕಿರು ಕೋರ್ಸುಗಳಿಗೆ ಯುದ್ಧದ ನಾಡುಗಳಿಂದ ಕಾರ್ಯಕರ್ತರು ಬರತೊಡಗಿದರು.

ಈ ಮೆನೊನೈಟ್ ತೊರೆ ಕಥೋಲಿಕ ಸಂಸ್ಥೆಗಳ ವಿಶಾಲ ಜಾಲವನ್ನು ಬಂದು ಸೇರಿದ್ದು ರುವಾಂಡಾದ ಕಾರಣಕ್ಕೆ. ಎರಡನೆಯ ಮಹಾಯುದ್ಧದ ನಿರಾಶ್ರಿತರಿಗಾಗಿ 1943ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಕಟ್ಟಿದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ 1960ರ ದಶಕದಿಂದ ರುವಾಂಡಾದಲ್ಲಿತ್ತು. ಅದರ ಸಿಬ್ಬಂದಿಯಲ್ಲೂ ಅವರ ಮನೆಯವರಲ್ಲೂ ಹತರಾದವರಿದ್ದರು. ಮೂವತ್ತು ವರ್ಷ ಅಲ್ಲಿದ್ದೂ ಆಗುತ್ತಿದ್ದದ್ದು ತನಗೇಕೆ ಕಾಣಲಿಲ್ಲ ಎಂಬ ಪ್ರಶ್ನೆ ಆ ಸಂಸ್ಥೆಯನ್ನು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಅದು ತನ್ನ ಪ್ರತಿ ಯೋಜನೆಯನ್ನೂ ನ್ಯಾಯದ ಕಣ್ಣಿನಿಂದ ಮರುಪರೀಕ್ಷಿಸುವ ಪದ್ಧತಿ ತಂದಿತು. ಎಷ್ಟು ಟನ್ ಧಾನ್ಯ ಹೋಯಿತು ಎಂಬುದರ ಜೊತೆಗೆ, ಈ ಕೆಲಸದಿಂದ ಊರಿನ ಜನರ ನಡುವಿನ ಸಂಬಂಧ ಸರಿಯಾಯಿತೇ ಕೆಟ್ಟಿತೇ ಎಂದು ಕೇಳಬೇಕಾಯಿತು. ಕಥೋಲಿಕ ಸೇವಾ ಸಂಸ್ಥೆಗಳ ಕಾರಿತಾಸ್ ಒಕ್ಕೂಟ 1999ರಲ್ಲಿ ಸಂಧಾನದ ಬಗ್ಗೆ ಒಂದು ಕೈಪಿಡಿಯನ್ನೂ 2002ರಲ್ಲಿ ಶಾಂತಿ ನಿರ್ಮಾಣದ ತರಬೇತಿ ಪುಸ್ತಕವನ್ನೂ ಹೊರತಂದಿತು. ಇಂಥ ತರಬೇತಿಗಳ ಸಾಮಗ್ರಿ ನೋಡಲು ಸರಳ. ಜಗಳವನ್ನು ಮರವಾಗಿ ಬರೆಯುವುದು: ಬೇರಿನಲ್ಲಿ ಕಾರಣ, ಕಾಂಡದಲ್ಲಿ ಸಮಸ್ಯೆ, ಕೊಂಬೆಗಳಲ್ಲಿ ಪರಿಣಾಮ. ಯಾರಿಗೆ ಯಾರ ಜೊತೆ ನಂಟು, ಯಾರ ಜೊತೆ ವೈಷಮ್ಯ ಎಂಬುದರ ನಕ್ಷೆ. ಒಂದೇ ಊರಿನ ಚರಿತ್ರೆಯನ್ನು ಎರಡು ಪಂಗಡದವರೂ ಬೇರೆ ಬೇರೆ ಕೂತು ಕಾಲಾನುಕ್ರಮದಲ್ಲಿ ಬರೆದು, ಆಮೇಲೆ ಎರಡು ಹಾಳೆಗಳನ್ನೂ ಪಕ್ಕಪಕ್ಕ ಗೋಡೆಗೆ ಹಚ್ಚುವುದು. ಒಬ್ಬರ ವಿಜಯದ ವರ್ಷ ಇನ್ನೊಬ್ಬರ ಹಾಳೆಯಲ್ಲಿ ಊರು ಬಿಟ್ಟ ವರ್ಷವಾಗಿರುತ್ತದೆ. ಪ್ರವಚನಗಳು ಮಾಡಲಾಗದ ಕೆಲಸವನ್ನು ಆ ಎರಡು ಹಾಳೆಗಳು ಮಾಡುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬಂದದ್ದು, ನನ್ನ ಎಣಿಕೆಯಲ್ಲಿ, ಅರ್ಥಶಾಸ್ತ್ರಜ್ಞೆ ಮೇರಿ ಆಂಡರ್ಸನ್ ಅವರ ಕೆಲಸ. 1990ರ ದಶಕದಲ್ಲಿ ಹಲವು ಸಂಸ್ಥೆಗಳೊಂದಿಗೆ ಸೇರಿ ಯುದ್ಧದ ನಾಡುಗಳಲ್ಲಿನ ನೆರವಿನ ಅನುಭವಗಳನ್ನು ಕೂಡಿಹಾಕಿ 1999ರಲ್ಲಿ ಅವರು ಒಂದು ಪುಸ್ತಕ ತಂದರು. ಜಗಳದ ನಡುವೆ ಬಂದ ನೆರವು ತಟಸ್ಥವಾಗಿರಲು ಸಾಧ್ಯವೇ ಇಲ್ಲ ಎಂಬುದು ಅದರ ತಿರುಳು. ಗೋದಾಮಿನ ಸರಕು ಕಳವಾಗಿ ಸೈನಿಕರ ಹೊಟ್ಟೆ ಸೇರುತ್ತದೆ. ಹೊರಗಿನ ಧಾನ್ಯ ಬಂದಾಗ ಪೇಟೆಯ ಬೆಲೆ ಬೀಳುತ್ತದೆ, ಬೆಳೆದವನು ಬಂದೂಕಿನ ಕೆಲಸಕ್ಕೆ ಹೋಗುತ್ತಾನೆ. ಒಂದು ಗುಂಪಿನವರನ್ನೇ ನೌಕರಿಗೆ ತೆಗೆದುಕೊಂಡರೆ ಇನ್ನೊಂದು ಗುಂಪಿಗೆ ಅದು ಸಂದೇಶವಾಗುತ್ತದೆ. ಜನರ ಹೊಟ್ಟೆಯ ಹೊಣೆಯನ್ನು ಸಂಸ್ಥೆ ಹೊತ್ತರೆ ಆಳುವವನ ಖಜಾನೆ ಯುದ್ಧಕ್ಕೆ ಬಿಡುವಾಗುತ್ತದೆ. ಹಾಗಾಗಿ ಪ್ರತಿ ಊರಿನಲ್ಲೂ ಜನರನ್ನು ಒಡೆಯುವುದು ಯಾವುದು, ಕೂಡಿಸುವುದು ಯಾವುದು ಎಂದು ಮೊದಲು ಗುರುತಿಸಿ, ತಮ್ಮ ಕೆಲಸ ಯಾವುದಕ್ಕೆ ಬಲ ಕೊಡುತ್ತಿದೆ ಎಂದು ನೋಡಬೇಕು. ಈ ಪಾಠದ ದೊಡ್ಡ ಗುಣ ಅದರ ವ್ಯಾಪ್ತಿ. ಧ್ಯಾನ, ಕ್ಷಮೆ, ಸಹನೆಯ ಬೋಧನೆಯನ್ನು ಪಾದ್ರಿಗೋ ಆಪ್ತ ಸಲಹೆಗಾರ್ತಿಗೋ ಬಿಟ್ಟುಬಿಡಬಹುದು. ಪಟ್ಟಿ ಬರೆಯುವ ಗುಮಾಸ್ತನಿಗೆ, ಗೋದಾಮಿನ ಬೀಗ ಹಿಡಿದವನಿಗೆ, ಯಾವ ದಾರಿಯಲ್ಲಿ ಹೋಗಬೇಕೆಂದು ನಿರ್ಧರಿಸುವ ಚಾಲಕನಿಗೆ ಸಂಬಂಧಪಟ್ಟ ಪಾಠ ಇದು.

ಫಲ ಸಿಕ್ಕ ಕಡೆಗಳನ್ನು ನೋಡೋಣ. ಫಿಲಿಪ್ಪೀನ್ಸಿನ ದಕ್ಷಿಣ ದ್ವೀಪ ಮಿಂಡನಾವೊದಲ್ಲಿ ಮೊರೊ ಮುಸ್ಲಿಮರು, ಲುಮಾಡ್ ಆದಿವಾಸಿಗಳು, ಉತ್ತರದಿಂದ ಬಂದು ನೆಲೆಸಿದ ಕ್ರೈಸ್ತರು ಎಂಬ ಮೂರು ಸಮುದಾಯಗಳ ನಡುವೆ ನೆಲಕ್ಕಾಗಿ ದಶಕಗಳ ಹೋರಾಟ ನಡೆದಿದೆ. 1996ರಲ್ಲಿ ಒಂದು ಬಂಡಾಯ ಸಂಘಟನೆಯೊಂದಿಗೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಧರ್ಮಾಧ್ಯಕ್ಷರು, ಉಲೇಮಾಗಳು ಸೇರಿ ಒಂದು ವೇದಿಕೆ ಕಟ್ಟಿದರು. 2000ರಲ್ಲಿ ಅಧ್ಯಕ್ಷ ಎಸ್ಟ್ರಾಡಾ ಇನ್ನೊಂದು ಸಂಘಟನೆಯ ಮೇಲೆ ಪೂರ್ಣ ಯುದ್ಧ ಸಾರಿದಾಗ ಲಕ್ಷಾಂತರ ಜನ ಮನೆ ಬಿಟ್ಟರು. ದಾವಾವೊ ನಗರದಲ್ಲಿ ಮಿಂಡನಾವೊ ಪೀಸ್‌ಬಿಲ್ಡಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು ಅದೇ ವರ್ಷ, ಕಥೋಲಿಕ ಮತ್ತು ಮೆನೊನೈಟ್ ಸಂಸ್ಥೆಗಳ ಸಹಕಾರದಿಂದ. ಹ್ಯಾರಿಸನ್‌ಬರ್ಗ್‌ಗೆ ಹೋಗಿಬರಲು ಹಣ, ವೀಸಾ ಇಲ್ಲದ ಏಷ್ಯಾದ ಕಾರ್ಯಕರ್ತರಿಗೆ ಇದು ಹತ್ತಿರದ ಶಾಲೆಯಾಯಿತು. ಮೌಲವಿಗಳು, ಆದಿವಾಸಿ ಮುಖಂಡರು, ಧರ್ಮಭಗಿನಿಯರು ಒಂದೇ ಕೋಣೆಯಲ್ಲಿ ಕಲಿತರು. ಆ ಯುದ್ಧದ ನಡುವೆ ಪಿಕಿಟ್ ಎಂಬ ಊರಿನ ಪಾದ್ರಿ ರಾಬರ್ಟೊ ಲೇಸನ್ ಕ್ರೈಸ್ತ, ಮುಸ್ಲಿಂ ಸ್ವಯಂಸೇವಕರನ್ನು ಒಂದೇ ತಂಡವಾಗಿ ಪರಿಹಾರಕ್ಕಿಳಿಸಿದರು. ಮರಳಿ ಬಂದ ಹಳ್ಳಿಗರು ಸೈನ್ಯಕ್ಕೂ ಬಂಡಾಯಗಾರರಿಗೂ ತಿಳಿಸಿ ತಮ್ಮ ಊರುಗಳನ್ನು ಶಾಂತಿಯ ನೆಲೆಗಳೆಂದು ಘೋಷಿಸಿದರು. ನಲಪಾನ್ ಹಳ್ಳಿಯಿಂದ ಮೊದಲಾದದ್ದು ಸುತ್ತಲ ಹಳ್ಳಿಗಳಿಗೂ ಹಬ್ಬಿತು. ಅಲ್ಲಿ ಪರಿಹಾರ ಕೆಲಸ, ಶಾಂತಿ ಕೆಲಸ ಎಂದು ಎರಡು ಇಲಾಖೆಗಳಿರಲಿಲ್ಲ.

ಲೈಬೀರಿಯಾದ್ದು ಇನ್ನೂ ಪ್ರಸಿದ್ಧ ಉದಾಹರಣೆ. 1990ರ ಜುಲೈನಲ್ಲಿ ರಾಜಧಾನಿ ಮನ್ರೋವಿಯಾದ ಸೇಂಟ್ ಪೀಟರ್ಸ್ ಲುಥರನ್ ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಸುಮಾರು 600 ಜನರನ್ನು ಸರ್ಕಾರಿ ಸೈನಿಕರು ಕೊಂದರು. ಅದೇ ಲುಥರನ್ ಸಭೆ ಮುಂದೆ ಯುದ್ಧದಿಂದ ನೊಂದವರ ಮನಸ್ಸಿನ ಗಾಯಕ್ಕೆ ಚಿಕಿತ್ಸೆ, ಸಂಧಾನ ಎರಡನ್ನೂ ಸೇರಿಸಿದ ಸೇವೆಯನ್ನು ಆರಂಭಿಸಿತು. ಲೇಮಾ ಗ್ಬೋವಿ ಅಲ್ಲಿ ಸ್ವಯಂಸೇವಕಿಯಾಗಿ ಸೇರಿ ಬಾಲ ಸೈನಿಕರಾಗಿದ್ದ ಹುಡುಗರ ಜೊತೆ ಕೆಲಸ ಮಾಡಿದರು. ಹ್ಯಾರಿಸನ್‌ಬರ್ಗ್‌ನಲ್ಲಿ ಕಲಿತ ಸ್ಯಾಮ್ ಡೋ 1998ರಲ್ಲಿ ಘಾನಾದ ಇಮ್ಯಾನುಯೆಲ್ ಬೊಂಬಾಂಡೆಯೊಂದಿಗೆ ಕಟ್ಟಿದ ಪಶ್ಚಿಮ ಆಫ್ರಿಕದ ಶಾಂತಿ ಜಾಲದಿಂದ ಗ್ಬೋವಿ ಅವರಿಗೆ ತರಬೇತಿ ಸಿಕ್ಕಿತು. 2003ರಲ್ಲಿ ಅವರ ಮುಂದಾಳತ್ವದಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಶಾಂತಿ ಬೇಕೆಂದು ಬಿಳಿ ಬಟ್ಟೆಯುಟ್ಟು ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿಯ ಮೈದಾನದಲ್ಲಿ ದಿನಗಟ್ಟಲೆ ಕೂತರು. ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡಿದಾಗ ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದವಾಗದೆ ಯಾರನ್ನೂ ಹೊರಬಿಡುವುದಿಲ್ಲವೆಂದರು. ಆಗಸ್ಟ್ 11ರಂದು ಅಧ್ಯಕ್ಷ ಚಾರ್ಲ್ಸ್ ಟೇಲರ್ ಅಧಿಕಾರ ಬಿಟ್ಟ, 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಗ್ಬೋವಿ ಅವರಿಗೆ 2011ರ ನೊಬೆಲ್ ಶಾಂತಿ ಪುರಸ್ಕಾರದಲ್ಲಿ ಪಾಲು ಸಿಕ್ಕಿತು. ಗಮನಿಸಬೇಕಾದ ಒಂದು ಸಂಗತಿಯಿದೆ. ಅವರು ಹ್ಯಾರಿಸನ್‌ಬರ್ಗ್‌ನಲ್ಲಿ ಓದಿ ಸ್ನಾತಕೋತ್ತರ ಪದವಿ ಪಡೆದದ್ದು ಈ ಚಳವಳಿಯ ನಂತರ, 2007ರಲ್ಲಿ. ಕಾಲೇಜು ಅವರನ್ನು ತಯಾರು ಮಾಡಿತು ಎಂದು ಹೇಳುವವರು ಕ್ರಮವನ್ನು ತಿರುಗಿಸುತ್ತಾರೆ. ಚರ್ಚಿನ ಒಂದು ಸಣ್ಣ ಸೇವಾ ಕಾರ್ಯಕ್ರಮ, ಪ್ರಾದೇಶಿಕ ತರಬೇತಿ, ಯುದ್ಧದಲ್ಲೇ ಬೆಳೆದ ಹೆಂಗಸರ ತಿಳಿವಳಿಕೆ ಇವು ಮೊದಲು ಬಂದವು. ಕಲಿಕೆ ಜನರೊಳಗಿನ ತಿಳಿವಿನಿಂದ ಹೊರಡಬೇಕೆಂಬ ಲೆಡರಾಕರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ನೆರೆಯ ಹೈದರಾಬಾದಿನ ಹೆನ್ರಿ ಮಾರ್ಟಿನ್ ಸಂಸ್ಥೆಯ ಕಥೆ ಇದೇ ದಾರಿಯದು. ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಂದ ಪಾದ್ರಿಯ ಹೆಸರಿನಲ್ಲಿ 1930ರಲ್ಲಿ ಲಾಹೋರಿನಲ್ಲಿ ಅದು ಹುಟ್ಟಿತು. ಮುಸ್ಲಿಮರ ನಡುವೆ ಸುವಾರ್ತೆ ಸಾರುವವರಿಗೆ ಇಸ್ಲಾಂ ಕಲಿಸುವುದು ಅದರ ಉದ್ದೇಶವಾಗಿತ್ತು. 1971ರಲ್ಲಿ ಹೈದರಾಬಾದಿಗೆ ಬಂದಿತು. 1990ರ ಡಿಸೆಂಬರ್‌ನಲ್ಲಿ ಆ ನಗರದ ಗಲಭೆಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಾಗ, ಧರ್ಮಗಳನ್ನು ಅಭ್ಯಾಸ ಮಾಡುವ ಸಂಸ್ಥೆ ಹಳೇ ಪಟ್ಟಣದ ಗಲ್ಲಿಗಳಿಗೆ ಇಳಿಯಬೇಕಾಯಿತು. ಸುಲ್ತಾನ್ ಶಾಹಿಯಲ್ಲಿ ಹಿಂದೂ, ಮುಸ್ಲಿಂ ಹೆಂಗಸರು ಜೊತೆಯಾಗಿ ಹೊಲಿಗೆ ಕಲಿಯುವ, ಮಕ್ಕಳನ್ನು ಕಳಿಸುವ ಕೇಂದ್ರವೊಂದು ಬೆಳೆಯಿತು. ಸಂಸ್ಥೆ ತನ್ನ ಗುರಿಯನ್ನೇ ಬದಲಿಸಿಕೊಂಡು ಅಂತರ್‌ಧರ್ಮೀಯ ಸಂಬಂಧ ಮತ್ತು ಸಂಧಾನದ ಕೇಂದ್ರವಾಯಿತು. ಕರ್ನಾಟಕಕ್ಕೂ ಈ ಪ್ರಶ್ನೆ ದೂರದ್ದಲ್ಲ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದರಿಂದ ಹಿಡಿದು, 1880ರಲ್ಲಿ ಫಾದರ್ ಮುಲ್ಲರ್ ಔಷಧಾಲಯ, 1960ರಲ್ಲಿ ರೋಶನಿ ನಿಲಯದ ಸಮಾಜಕಾರ್ಯ ಶಾಲೆ ಎನ್ನುತ್ತಾ ಕರಾವಳಿಯ ಕ್ರೈಸ್ತ ಸೇವೆಗೆ ದೀರ್ಘ ಚರಿತ್ರೆಯಿದೆ. ಎಲ್ಲ ಧರ್ಮದವರೂ ಆ ಆಸ್ಪತ್ರೆಗಳಲ್ಲಿ ಗುಣವಾಗಿದ್ದಾರೆ, ಆ ಶಾಲೆಗಳಲ್ಲಿ ಓದಿದ್ದಾರೆ. ಆದರೂ 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ರಾಜ್ಯದ ಇತರ ಕಡೆಗಳಲ್ಲೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ದಾಳಿಯ ಹೊಣೆ ದಾಳಿ ಮಾಡಿದವರದ್ದೇ, ಸೇವೆ ಮಾಡಿದವರದ್ದಲ್ಲ. ಆದರೆ ಸೇವೆಯಿಂದ ಉಪಕಾರ ಪಡೆದವರೆಲ್ಲ ಜೊತೆಗಾರರಾಗುವುದಿಲ್ಲ, ಅದಕ್ಕೆ ಬೇರೆಯದೇ ದುಡಿಮೆ ಬೇಕು ಎಂಬುದನ್ನು ಆ ದಿನಗಳು ಇಲ್ಲಿಯೂ ತೋರಿಸಿದವು.

ಈ ಪಾಠಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಅತಿ ಗಂಭೀರವಾದದ್ದು ಕ್ರೈಸ್ತರ ಒಳಗಿಂದಲೇ ಬಂದಿದೆ. 1985ರಲ್ಲಿ, ವರ್ಣಭೇದ ನೀತಿಯ ವಿರುದ್ಧ ದಕ್ಷಿಣ ಆಫ್ರಿಕ ಕುದಿಯುತ್ತಿದ್ದಾಗ, 150ಕ್ಕೂ ಹೆಚ್ಚು ಪಾದ್ರಿಗಳು, ಧರ್ಮಶಾಸ್ತ್ರಜ್ಞರು ಸಹಿ ಮಾಡಿದ ‘ಕೈರೋಸ್’ ದಸ್ತಾವೇಜು ಹೊರಬಂತು. ನ್ಯಾಯದ ಮಾತೆತ್ತದೆ ಸಂಧಾನ ಬೋಧಿಸುವ ಚರ್ಚನ್ನು ಅದು ನೇರವಾಗಿ ಖಂಡಿಸಿತು. ತುಳಿಯುವವನಿಗೂ ತುಳಿಸಿಕೊಳ್ಳುವವನಿಗೂ ಸಮಾನವಾಗಿ ಶಾಂತಿ ಬೋಧಿಸುವುದು ತುಳಿಯುವವನ ಪಕ್ಷವಹಿಸಿದಂತೆ ಎಂಬುದು ಅದರ ನಿಲುವು. ನಮ್ಮಲ್ಲಿ ದಲಿತ ಚಿಂತಕರು ಸಾಮರಸ್ಯದ ಭಾಷಣಗಳ ಬಗ್ಗೆ ಎತ್ತುವ ಪ್ರಶ್ನೆಯೂ ಇದೇ. ಈ ಆಕ್ಷೇಪ ಸರಿಯಾದದ್ದು ಎಂದು ನಾನು ಒಪ್ಪುತ್ತೇನೆ. ಆದರೆ ಅದು ಶಾಂತಿಯ ಪಾಠವನ್ನು ನಿರಾಕರಿಸುವುದಿಲ್ಲ, ಪಾಠದಲ್ಲಿ ಏನಿರಬೇಕೆಂದು ಹೇಳುತ್ತದೆ. ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಶಾಂತಿ ಅಧ್ಯಯನ ಪ್ರಾಧ್ಯಾಪಕ, ಕ್ವೇಕರ್ ಪಂಥದ ಆಡಮ್ ಕರ್ಲ್ 1971ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಬಲ ಅಸಮಾನವಾಗಿರುವ ಕಡೆ ಮೊದಲ ಕೆಲಸ ದುರ್ಬಲರಲ್ಲಿ ಅರಿವು ಮೂಡಿಸುವುದು, ಎರಡನೆಯದು ಅವರು ಎದುರು ನಿಲ್ಲುವುದು. ಬಲ ಸ್ವಲ್ಪ ಸರಿತೂಗಿದ ಮೇಲಷ್ಟೇ ಮಾತುಕತೆಗೆ ಅರ್ಥ. ಲೆಡರಾಕ್ ಈ ಕ್ರಮವನ್ನು ತಮ್ಮ ಪಾಠಕ್ಕೆ ತೆಗೆದುಕೊಂಡರು. ಕೀರ್ತನೆಯ ನಾಲ್ಕು ಪಾತ್ರಗಳಲ್ಲಿ ನ್ಯಾಯಕ್ಕೂ ಒಂದು ಕುರ್ಚಿ ಇರುವುದು ಇದೇ ಕಾರಣಕ್ಕೆ. ಆ ಕುರ್ಚಿಯನ್ನು ಖಾಲಿ ಬಿಟ್ಟು ನಡೆಸುವ ತರಬೇತಿ ಕೈರೋಸ್ ಖಂಡಿಸಿದ ತಪ್ಪನ್ನೇ ಮತ್ತೆ ಮಾಡುತ್ತದೆ.

ಇನ್ನೊಂದು ಆಕ್ಷೇಪ: ಒಳ್ಳೆಯತನವನ್ನು, ಧೈರ್ಯವನ್ನು ಪಾಠ ಮಾಡಿ ಕಲಿಸಲಾಗುತ್ತದೆಯೇ? ರುವಾಂಡಾದ ಗಿಸೆನ್ಯಿಯಲ್ಲಿ ಫೆಲಿಸಿತಾಸ್ ನಿಯಿತೆಗೆಕ ಎಂಬ ಹುಟು ಕಥೋಲಿಕ ಸೇವಕಿ ತಮ್ಮ ಆಶ್ರಯದಲ್ಲಿದ್ದ ಟುಟ್ಸಿಗಳನ್ನು ಬಿಟ್ಟು ಹೊರಡಲು ಒಪ್ಪದೆ ಅವರೊಂದಿಗೇ ಸತ್ತರು. 1997ರ ಮಾರ್ಚ್‌ನಲ್ಲಿ ನ್ಯಾಂಗೆಯ ಶಾಲೆಗೆ ನುಗ್ಗಿದ ಬಂದೂಕುಧಾರಿಗಳು ಹುಟು, ಟುಟ್ಸಿ ಎಂದು ಬೇರೆಯಾಗಿ ನಿಲ್ಲಲು ಹೇಳಿದಾಗ ವಿದ್ಯಾರ್ಥಿಗಳು ನಿರಾಕರಿಸಿದರು, ಕೆಲವರು ಬಲಿಯಾದರು. ರುವಾಂಡಾ ಇವರನ್ನೆಲ್ಲ ರಾಷ್ಟ್ರವೀರರೆಂದು ಗೌರವಿಸುತ್ತದೆ. ಯಾವ ತರಬೇತಿಯೂ ಇಂಥ ಧೈರ್ಯವನ್ನು ಕೊಡುತ್ತೇನೆಂದು ಹೇಳಿಕೊಳ್ಳಬಾರದು. ಕಲಿಸಲು ಸಾಧ್ಯವಿರುವುದು ಅದಕ್ಕಿಂತ ಸಣ್ಣದು, ಆದರೆ ಎಲ್ಲರ ಕೈಗೂ ಎಟಕುವಂಥದ್ದು. ತರಗತಿಯಲ್ಲಿ ಮಕ್ಕಳನ್ನು ಪಂಗಡವಾರು ಎಬ್ಬಿಸಿ ನಿಲ್ಲಿಸುವ ಪದ್ಧತಿ ತಪ್ಪೆಂದು ಇಪ್ಪತ್ತು ವರ್ಷ ಮೊದಲೇ ಗುರುತಿಸಿ ನಿಲ್ಲಿಸಲು ವೀರರಾಗಬೇಕಿಲ್ಲ, ನೋಡಲು ಕಲಿತ ಕಣ್ಣು ಸಾಕು. ಅಂಥ ಕಣ್ಣುಗಳು ಸಾಕಷ್ಟಿದ್ದರೆ ಮಕ್ಕಳು ಪ್ರಾಣ ಕೊಟ್ಟು ಧೈರ್ಯ ತೋರಬೇಕಾದ ಸಂದರ್ಭ ಕಡಿಮೆಯಾಗುತ್ತದೆ. ದಾನಿಗಳ ಹಣ, ವರದಿ, ಮೂರು ವರ್ಷದ ಗಡುವು ಇವುಗಳ ನಡುವೆ ಶಾಂತಿಯೂ ಒಂದು ಪ್ರಾಜೆಕ್ಟ್ ಆಗಿದೆ ಎಂಬ ದೂರು ಕೂಡ ನಿಜ. ಸಂಬಂಧ ಸುಧಾರಿಸಲು ಒಂದು ತಲೆಮಾರು ಬೇಕಾಗುತ್ತದೆ, ಹಾಜರಿ ಪುಸ್ತಕ ಅದನ್ನು ಅಳೆಯಲಾರದು. ಪಿಕಿಟ್ ಮತ್ತು ಮನ್ರೋವಿಯಾಗಳಲ್ಲಿ ಕೆಲಸ ಫಲಿಸಿದ್ದು ಪ್ರಾಜೆಕ್ಟ್ ಮುಗಿದ ಮೇಲೂ ಅಲ್ಲೇ ಇರುವ ಜನರಿಂದ.

ಕೊನೆಯದಾಗಿ, ಕ್ರೈಸ್ತ ಸಂಸ್ಥೆ ಶಾಂತಿಯ ಮಾತಾಡಿದರೆ ಅದರ ಹಿಂದೆ ಮತಾಂತರವಿದೆ ಎಂಬ ಅನುಮಾನ. ಭಾರತದಲ್ಲಿ ಇದನ್ನು ಎದುರಿಸದ ಕಾರ್ಯಕರ್ತರಿಲ್ಲ. ಅನುಮಾನಕ್ಕೆ ಸಿಟ್ಟಾಗುವುದರಿಂದ ಉಪಯೋಗವಿಲ್ಲ. ಹೆನ್ರಿ ಮಾರ್ಟಿನ್ ಸಂಸ್ಥೆ ತನ್ನ ಹಳೆಯ ಉದ್ದೇಶವನ್ನು ಬಹಿರಂಗವಾಗಿ ಮರುಪರಿಶೀಲಿಸಿದ್ದು, ಮಿಂಡನಾವೊದಲ್ಲಿ ಕಲಿಸುವವರ ಸಾಲಿನಲ್ಲೇ ಮುಸ್ಲಿಮರು, ಆದಿವಾಸಿಗಳು ಇದ್ದದ್ದು ಅದಕ್ಕೆ ಸಿಕ್ಕ ಪ್ರಾಮಾಣಿಕ ಉತ್ತರಗಳು. ತನ್ನ ತಪ್ಪನ್ನು ಒಪ್ಪದ ಸಂಸ್ಥೆ ಬೇರೆಯವರಿಗೆ ಸಂಧಾನ ಕಲಿಸಲಾರದು. 2016ರ ನವೆಂಬರ್‌ನಲ್ಲಿ ರುವಾಂಡಾದ ಧರ್ಮಾಧ್ಯಕ್ಷರು ಹತ್ಯಾಕಾಂಡದಲ್ಲಿ ಪಾಲ್ಗೊಂಡ ತಮ್ಮ ಸಭೆಯವರ ಪರವಾಗಿ ಕ್ಷಮೆ ಕೇಳಿದರು. 2017ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಚರ್ಚಿನ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಧರ್ಮಾಧ್ಯಕ್ಷರ ಕ್ಷಮಾಯಾಚನೆ ಇಪ್ಪತ್ತೆರಡು ವರ್ಷ ತಡವಾಗಿ ಬಂತು. ಸೇವಾ ಸಂಸ್ಥೆಗಳು ಧರ್ಮಾಧ್ಯಕ್ಷರಿಗಿಂತ ಮೊದಲೇ ತಮ್ಮ ಕುರುಡನ್ನು ಒಪ್ಪಿಕೊಂಡದ್ದು ಅವುಗಳ ಗೌರವಕ್ಕೆ ಸಲ್ಲುತ್ತದೆ.

ಕರ್ನಾಟಕದಲ್ಲಿ ಸಮಾಜಕಾರ್ಯ ಕಲಿಸುವವರಲ್ಲೂ, ಧರ್ಮಪ್ರಾಂತ್ಯಗಳ ಸಮಾಜ ಸೇವಾ ಸಂಸ್ಥೆಗಳನ್ನು ನಡೆಸುವವರಲ್ಲೂ ಕೇಳುವುದು ಇಷ್ಟು. ಗಲಭೆಯಾದ ಮೇಲೆ ಕರೆಯುವ ಶಾಂತಿ ಸಭೆಗೆ ಈ ವಿದ್ಯೆಯನ್ನು ಮೀಸಲಿಡಬೇಡಿ. ಸ್ವಸಹಾಯ ಸಂಘಕ್ಕೆ ಸದಸ್ಯರನ್ನು ಆರಿಸುವಾಗ, ಬೋರ್‌ವೆಲ್ ಯಾವ ಕೇರಿಯಲ್ಲಿ ಕೊರೆಯಬೇಕೆಂದು ತೀರ್ಮಾನಿಸುವಾಗ, ನೌಕರಿಗೆ ಜನ ತೆಗೆದುಕೊಳ್ಳುವಾಗ ಅದನ್ನು ಬಳಸಿ. ಹೊಸದಾಗಿ ಸೇರಿದ ಗುಮಾಸ್ತನಿಗೂ ಚಾಲಕನಿಗೂ ಮೊದಲ ತಿಂಗಳಲ್ಲೇ ಕಲಿಸಿ, ಕಲಿಸುವವರಲ್ಲಿ ಬೇರೆ ಧರ್ಮದವರೂ ದಲಿತರೂ ಇರಲಿ.